ಅರ್ಜಿ ಕಟ್ಟೆ: ಓದು ಬರಹ ಬಲ್ಲವರು ವಾರಕ್ಕೆ ಎರಡು ತಾಸು ಊರಿಗೆ ಕೊಡುವ ಬಗೆ

ಇಂಡಿ, ಅಥಣಿ, ಹುನಗುಂದ, ಯಾವ ತಾಲೂಕು ಕಚೇರಿಯಾದರೂ ಸರಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ. ಬಂದವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಡಚಿ ಮಡಚಿ ಮಡಿಕೆಯಲ್ಲೇ ಹರಿದ ಉತಾರ, ಅಂದರೆ ಹೊಲದ ಪಹಣಿ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಕಿಟಕಿಯ ಆಚೆಯಿಂದ "ಹೆಸರು ಹೊಂದೂದಿಲ್ಲ, ಸರಿ ಮಾಡಿಸ್ಕೊಂಡ ಬರ್ರಿ" ಎಂಬ ಒಂದು ಮಾತು ಬರುತ್ತದೆ, ತಿರುಗಿ ಹೋಗುತ್ತಾರೆ. ಹಿಂದಿನ ರವಿವಾರ ಊರಲ್ಲೇ ಯಾರಾದರೂ ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿ ಹೇಳಿದ್ದರೆ ಆ ದಿನದ ಕೂಲಿ ಉಳಿಯುತ್ತಿತ್ತು.

ಹಾಗೆ ಓದಿ ಹೇಳಬಲ್ಲವರು ಊರೂರಲ್ಲಿ ಇದ್ದಾರೆ. ನಿವೃತ್ತ ಮಾಸ್ತರರು, ಬ್ಯಾಂಕಿನಲ್ಲಿ ದುಡಿದು ಮನೆಗೆ ಬಂದವರು, ಡಿಗ್ರಿ ಓದುತ್ತಿರುವ ಹುಡುಗಿಯರು, ಸೊಸೈಟಿಯ ಲೆಕ್ಕ ಬರೆಯುವವರು. ಊರಿಗೆ ಏನಾದರೂ ಮಾಡಬೇಕೆಂಬ ಮನಸ್ಸು ಇವರಿಗಿದೆ. ಆದರೆ ಸೇವೆ ಅಂದರೆ ಹಣ ಬೇಕು, ಸಂಘ ಬೇಕು, ಬ್ಯಾನರ್ ಬೇಕು ಅಂದುಕೊಂಡು ಸುಮ್ಮನಿರುತ್ತಾರೆ. ನೀಟಾಗಿ ಬರೆಯುವುದು, ಫಾರ್ಮಿನ ಸಣ್ಣ ಅಕ್ಷರ ಓದಿ ಅರ್ಥ ಹೇಳುವುದು ಒಂದು ಕೈಗುಣವೆಂದು ಅದು ಇರುವವರಿಗೇ ಅನ್ನಿಸುವುದಿಲ್ಲ. ಇಲ್ಲದವರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ.

ಈ ಕೆಲಸವನ್ನು ಇಲ್ಲಿ ಅರ್ಜಿ ಕಟ್ಟೆ ಎಂದು ಕರೆದಿದ್ದೇವೆ. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ವೇಳೆಗೆ ಕುಳಿತು ಊರವರ ಕಾಗದಪತ್ರ ನೋಡಿಕೊಡುವುದು, ಅರ್ಜಿ ಬರೆದುಕೊಡುವುದು, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಸುವುದು. ಗ್ರಾಮ ಒನ್ ಅಥವಾ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ ಮಾಡುವ ಕೆಲಸಕ್ಕೆ ಇದು ಪೈಪೋಟಿಯಲ್ಲ. ಅವರು ಕಂಪ್ಯೂಟರಿಗೆ ಏರಿಸುತ್ತಾರೆ. ಏರಿಸುವ ಮೊದಲು ಕಾಗದ ಹೊಂದಿಸುವುದಕ್ಕೆ ಅವರಿಗೆ ಪುರುಸೊತ್ತಿಲ್ಲ, ಅಲ್ಲಿಯೇ ಅರ್ಜಿಗಳು ಬೀಳುತ್ತವೆ.

ಎಷ್ಟು ಹೊತ್ತು, ಎಷ್ಟು ಜನ

ಎರಡು ತಾಸು. ಅದಕ್ಕಿಂತ ಹೆಚ್ಚು ಬೇಡ, ಮೊದಲ ಆರು ತಿಂಗಳಂತೂ ಬೇಡವೇ ಬೇಡ. ಒಬ್ಬರ ಕಾಗದ ಸರಿಯಾಗಿ ನೋಡಲು 15ರಿಂದ 20 ನಿಮಿಷ ಹಿಡಿಯುತ್ತದೆ. ಅಂದರೆ ಒಬ್ಬರೇ ಕುಳಿತರೆ ಆರೇಳು ಮಂದಿ, ಇಬ್ಬರಿದ್ದರೆ ಹನ್ನೆರಡು. ಮೊದಲ ವಾರ ಮೂವರು ಬಂದಾರು, ಐದನೇ ವಾರ ಇಪ್ಪತ್ತೈದು ಮಂದಿ ನಿಂತಿರುತ್ತಾರೆ. ಆಗ "ಎಲ್ಲರದೂ ಮುಗಿಸಿಯೇ ಏಳುತ್ತೇನೆ" ಎಂದು ರಾತ್ರಿ ಹತ್ತರವರೆಗೆ ಕುಳಿತವರು ಮೂರು ತಿಂಗಳಲ್ಲಿ ದಣಿದು ಬಿಟ್ಟುಬಿಡುತ್ತಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಮಯ ಕೊಡುವವರಿಗೂ ಅದೇ ಅಳತೆ. 1ರಿಂದ 12ರವರೆಗೆ ಬರೆದ ರಟ್ಟಿನ ಚೀಟಿ ಮಾಡಿ, ಬಂದವರಿಗೆ ಕೊಡುತ್ತ ಹೋಗಿ. ಚೀಟಿ ಮುಗಿದ ಮೇಲೆ ಬಂದವರ ಹೆಸರನ್ನು ಮುಂದಿನ ವಾರದ ಪುಟದಲ್ಲಿ ಮೊದಲಿಗೆ ಬರೆಯಿರಿ. ಅದನ್ನು ಅವರ ಕಣ್ಣೆದುರೇ ಬರೆಯಿರಿ, ಆಗ ಅವರಿಗೆ ನಂಬಿಕೆ ಬರುತ್ತದೆ.

ಕನಿಷ್ಠ ಇಬ್ಬರು ಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಇದು ಅಲಂಕಾರದ ಮಾತಲ್ಲ. ಗಂಡ ಬಿಟ್ಟುಹೋದದ್ದು, ಗಂಡನ ಕುಡಿತ, ಮಗ ಪಾಸ್‌ಬುಕ್ಕು ಕಸಿದಿಟ್ಟುಕೊಂಡದ್ದು, ಕಾಯಿಲೆಯ ಹೆಸರು, ಇವನ್ನೆಲ್ಲ ಊರಿನ ಗಂಡಸಿನ ಮುಂದೆ ಹೇಳಲಾಗದೆ "ಏನಿಲ್ರಿ, ಸುಮ್ನ ಬಂದಿದ್ದೆ" ಎಂದು ಎದ್ದು ಹೋಗುವವರಿದ್ದಾರೆ.

ಜಾಗ ಮತ್ತು ದಿನ

ಜಾಗದ ವಿಷಯದಲ್ಲಿ ಒಂದೇ ಪರೀಕ್ಷೆ: ಊರಿನ ಎಲ್ಲ ಓಣಿಯವರೂ ಹಿಂಜರಿಯದೆ ಹತ್ತಿ ಬರುವ ಜಾಗವೇ? ಅಗಸಿ ಬಾಗಿಲ ಕಟ್ಟೆ, ಗುಡಿಯ ಪೌಳಿ, ಗೌಡರ ಮನೆಯ ಪಡಸಾಲೆ ನೋಡಲು ಚೆಂದ. ಆದರೆ ಅಲ್ಲಿಗೆ ಬರಲು ಕೆಲವರ ಕಾಲು ಮುಂದಾಗುವುದಿಲ್ಲ, ಯಾರ ಅರ್ಜಿ ಹೆಚ್ಚು ಅಗತ್ಯವೋ ಅವರೇ ಹೊರಗೆ ಉಳಿಯುತ್ತಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಇಲ್ಲವೇ ಸರ್ಕಾರಿ ಶಾಲೆಯ ಪಡಸಾಲೆ ಒಳ್ಳೆಯದು. ಗ್ರಂಥಾಲಯಕ್ಕಾದರೆ ಪಿಡಿಓ ಅವರಿಗೆ, ಶಾಲೆಗಾದರೆ ಮುಖ್ಯೋಪಾಧ್ಯಾಯರಿಗೆ ಮತ್ತು ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಒಂದು ಪುಟದ ಪತ್ರ ಕೊಟ್ಟು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಯಾವ ಪಕ್ಷದವರ ಫೋಟೊ, ಹೆಸರು, ಧ್ವಜವೂ ಅಲ್ಲಿ ಬೇಡ. ಪಂಚಾಯಿತಿ ಚುನಾವಣೆಯ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ದಿನ ಗೊತ್ತು ಮಾಡುವಾಗ ಊರಿನ ಸಂತೆ ಯಾವತ್ತು ನೋಡಿ. ಸಂತೆಯ ದಿನ ಸಂಜೆ ಬಹಳ ಕಡೆ ಹೊಂದುತ್ತದೆ, ಕೂಲಿಯವರು ಅಂದು ಅರ್ಧ ದಿನಕ್ಕೆ ಬಂದಿರುತ್ತಾರೆ. ಇಲ್ಲದಿದ್ದರೆ ರವಿವಾರ ಸಂಜೆ 6ರಿಂದ 8. ಹಗಲು ಹನ್ನೊಂದು ಗಂಟೆಗೆ ಕುಳಿತರೆ ಹೊಲಕ್ಕೆ ಹೋದವರು ಯಾರೂ ಸಿಗುವುದಿಲ್ಲ, ಕಟ್ಟೆಗೆ ಕುಳಿತು ಹರಟುವವರಷ್ಟೇ ಬರುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ, ತಿಕೋಟ ಬಬಲೇಶ್ವರದ ಕಡೆ ದ್ರಾಕ್ಷಿ ಚಾಟ್ನಿಯ (ಬಳ್ಳಿ ಕತ್ತರಿಸುವ) ದಿನಗಳಲ್ಲಿ, ಬಿಳಿಜೋಳ ಕೀಳುವಾಗ ಜನ ಕಡಿಮೆಯಾಗುತ್ತಾರೆ. ಆಗಲೂ ಬಾಗಿಲು ತೆರೆದು ಕುಳಿತಿರಿ. ಎರಡು ವಾರ ಬಂದು ಬಾಗಿಲು ಮುಚ್ಚಿದ್ದು ಕಂಡವರು ಮೂರನೆಯ ಸಲ ಬರುವುದಿಲ್ಲ. ಶುರು ಮಾಡಲು ಶ್ರಾವಣ ಒಳ್ಳೆಯ ಕಾಲ, ಸಂಜೆ ಜನ ಊರಲ್ಲಿ ಒಟ್ಟು ಸೇರಿರುತ್ತಾರೆ.

ಮೇಜಿನ ಮೇಲೆ

ಎ4 ಬಿಳಿ ಹಾಳೆ, ನಾಲ್ಕು ನೀಲಿ ಪೆನ್ನು, ಇಂಕ್ ಪ್ಯಾಡು, ಸ್ಟೇಪ್ಲರು, ಅಂಟು, ಹೆಬ್ಬೆಟ್ಟು ಒರೆಸಲು ಹಳೆಯ ಬಟ್ಟೆ. ಕಣ್ಣು ಮಂಜಾದವರಿಗೆ ಒಂದು ಭೂತಗನ್ನಡಿ. ಚಾರ್ಜ್ ಆಗುವ ಒಂದು ದೀಪ, ಏಕೆಂದರೆ ಕರೆಂಟು ಹೋಗುವುದು ಸರಿಯಾಗಿ ಏಳು ಗಂಟೆಗೇ. ಒಟ್ಟು ಖರ್ಚು ಸಾವಿರ ರೂಪಾಯಿಯ ಒಳಗೆ ಮುಗಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು 200 ಪುಟದ ಒಂದು ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ಆರು ಅಂಕಣ: ತಾರೀಖು, ಹೆಸರು, ಓಣಿ, ಕೆಲಸ ಏನು, ಎಲ್ಲಿಗೆ ಕಳಿಸಿದ್ದು, ಏನಾಯಿತು. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಫೋನ್ ನಂಬರು ಇದರಲ್ಲಿ ಬರೆಯಬೇಡಿ. ಕೊನೆಯ ಅಂಕಣವನ್ನು ಖಾಲಿ ಬಿಟ್ಟು, ಅವರು ತಿರುಗಿ ಬಂದಾಗ ತುಂಬಿ. ಎರಡು ತಿಂಗಳಾದರೂ ಖಾಲಿ ಉಳಿದ ಸಾಲು ಕಂಡರೆ ಅವರ ಓಣಿಯವರ ಕೈಲಿ ಹೇಳಿ ಕಳಿಸಿ. ಹೆಚ್ಚಿನ ಅರ್ಜಿ ಸೋಲುವುದು ಬರೆಯುವುದರಲ್ಲಿ ಅಲ್ಲ, ಬರೆದ ಮೇಲೆ ಯಾರೂ ಬೆನ್ನು ಹತ್ತದೇ ಇರುವುದರಲ್ಲಿ.

ಮೊದಲ ಹತ್ತು ನಿಮಿಷ: ಹೆಸರು ಹೊಂದಿಸಿ ನೋಡುವುದು

ಯಾರೇ ಬರಲಿ, ಯಾವ ಕೆಲಸಕ್ಕೇ ಬರಲಿ, ಪೆನ್ನು ಹಿಡಿಯುವ ಮೊದಲು ಅವರ ಚೀಲದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಜಮೀನಿದ್ದರೆ ಉತಾರ, ಮಕ್ಕಳದಾದರೆ ಶಾಲೆಯ ದಾಖಲೆ. ನಾಲ್ಕು ಸಂಗತಿ ಮಾತ್ರ ಬೆರಳಿಟ್ಟು ನೋಡಿ: ಹೆಸರು, ಹುಟ್ಟಿದ ದಿನ, ಊರು, ಗಂಡನ ಇಲ್ಲವೇ ತಂದೆಯ ಹೆಸರು.

ನಮ್ಮ ಭಾಗದಲ್ಲಿ ಹೆಸರು ತಪ್ಪುವುದಕ್ಕೆ ನಮ್ಮದೇ ಕಾರಣಗಳಿವೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗದ ಪದ್ಧತಿ ನಮ್ಮದು. ಕಲ್ಲವ್ವ ಎಂಬ ಹೆಸರನ್ನೇ ಹಿಡಿಯಿರಿ. ತವರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ನಡುವೆ ತಂದೆಯ ಹೆಸರು, ಕೊನೆಗೆ ತವರಿನ ಅಡ್ಡಹೆಸರು ಇರುತ್ತದೆ. ಲಗ್ನವಾದ ಮೇಲೆ ಮಾಡಿಸಿದ ರೇಷನ್ ಕಾರ್ಡಿನಲ್ಲಿ ನಡುವೆ ಗಂಡನ ಹೆಸರು, ಕೊನೆಗೆ ಗಂಡನ ಮನೆಯ ಅಡ್ಡಹೆಸರು. ಪಾಸ್‌ಬುಕ್ಕಿನಲ್ಲಿ ಬರೀ ಕಲ್ಲವ್ವ. ಹಳೆಯ ಮತದಾರರ ಚೀಟಿಯಲ್ಲಿ ಕಲ್ಲಮ್ಮ, ಯಾಕೆಂದರೆ ಬರೆದ ಗುಮಾಸ್ತರು ಬೇರೆ ಕಡೆಯವರು, ಅವ್ವ ಎಂಬುದನ್ನು ಅಮ್ಮ ಎಂದು 'ತಿದ್ದಿದರು'. ಇಂಗ್ಲಿಷಿನಲ್ಲಿ ಬರೆಯುವಾಗ 'ವ್ವ'ಕ್ಕೆ ಒಬ್ಬರು ಎರಡು 'ವಿ', ಇನ್ನೊಬ್ಬರು ಎರಡು 'ಡಬ್ಲ್ಯೂ' ಹಾಕಿರುತ್ತಾರೆ. ಮನುಷ್ಯರಿಗೆ ಇದೆಲ್ಲ ಒಬ್ಬಳೇ ಹೆಣ್ಣುಮಗಳು. ಕಂಪ್ಯೂಟರಿಗೆ ನಾಲ್ವರು.

ಇದನ್ನು ಬಿಡಿಸುವ ಕ್ರಮ ಹೀಗೆ. ನಾಲ್ಕರಲ್ಲಿ ಯಾವುದನ್ನು ಮೂಲವೆಂದು ಹಿಡಿಯಬೇಕೆಂದು ಮೊದಲು ತೀರ್ಮಾನಿಸಿ. ಸಾಮಾನ್ಯವಾಗಿ ಆಧಾರ್ ಹಿಡಿಯುವುದು ಕ್ಷೇಮ, ಉಳಿದವು ಅದಕ್ಕೆ ಹೊಂದಬೇಕಾದವು. ಆದರೆ ಆಧಾರ್‌ನಲ್ಲೇ ತಪ್ಪಿದ್ದರೆ ಅವಸರ ಮಾಡಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಅಂಗಡಿಯಲ್ಲಿ ಅವಸರದಲ್ಲಿ ತಪ್ಪಾಗಿ ತಿದ್ದಿಸಿಕೊಂಡು ಅವಕಾಶ ಕಳೆದುಕೊಂಡವರ ಪಾಡು ಬಹಳ ಕಷ್ಟದ್ದು. ಸರಿಯಾದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು, ಅದನ್ನೇ ತೋರಿಸಲು ಹೇಳಿ. ಯಂತ್ರದ ಮುಂದೆ ಕುಳಿತವರು ಟೈಪ್ ಮಾಡಿದ ಮೇಲೆ, ಒಪ್ಪಿಗೆ ಒತ್ತುವ ಮೊದಲು, ಚೀಟಿಯನ್ನು ತೆರೆಯ ಪಕ್ಕ ಹಿಡಿದು ಅಕ್ಷರ ಅಕ್ಷರ ಹೋಲಿಸಲು ತಿಳಿಸಿ. ಓದು ಬಾರದವರೂ ಆಕಾರ ಹೋಲಿಸಬಲ್ಲರು.

ಹುಟ್ಟಿದ ದಿನದ ತೊಡಕು ಬೇರೆ. ವಯಸ್ಸಾದ ಬಹಳ ಮಂದಿಯ ಆಧಾರ್‌ನಲ್ಲಿ ಜನವರಿ 1 ಎಂದಿರುತ್ತದೆ, ಅಂದಾಜಿನ ವರ್ಷಕ್ಕೆ ಯಂತ್ರ ಹಾಕಿದ ತಾರೀಖು ಅದು. ಆ ವರ್ಷ ನಿಜಕ್ಕಿಂತ ನಾಲ್ಕೈದು ವರ್ಷ ಈಚಿನದಾಗಿದ್ದರೆ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾದ 65 ವಯಸ್ಸು ಅಷ್ಟು ವರ್ಷ ತಡವಾಗಿ ಬರುತ್ತದೆ. ಒಂದೆರಡು ವರ್ಷ ಶಾಲೆಗೆ ಹೋದವರಾಗಿದ್ದರೆ ಊರ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಗಬಹುದು, ಮುಖ್ಯೋಪಾಧ್ಯಾಯರನ್ನು ಕೇಳಿ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಆ ದಾಖಲೆ ಮರಾಠಿಯಲ್ಲಿರುತ್ತದೆ. ಮರಾಠಿ ಓದಬಲ್ಲವರೊಬ್ಬರು ಕಟ್ಟೆಯಲ್ಲಿದ್ದರೆ ಅರ್ಧ ಕೆಲಸ ಅಲ್ಲೇ ಆಯಿತು. ವಿಜಯಪುರದಲ್ಲಿ ಉರ್ದು ಶಾಲೆಯ ದಾಖಲೆಗೂ ಇದೇ ಮಾತು.

ಊರಿನ ಹೆಸರೂ ತಪ್ಪುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳವರ ಉತಾರದಲ್ಲಿ ಹಳೆಯ ಊರು, ಆಧಾರ್‌ನಲ್ಲಿ ಪುನರ್ವಸತಿ ಕೇಂದ್ರ ಇರುತ್ತದೆ. ಬಾಗಲಕೋಟೆ, ಬೀಳಗಿ, ಕೊಲ್ಹಾರ ಭಾಗದಲ್ಲಿ ಇದು ದಿನದ ಗೋಳು. ಅಂಥವರ ಅರ್ಜಿಯಲ್ಲಿ ಎರಡೂ ಹೆಸರನ್ನು ಬರೆದು, ಹಳೆಯ ಊರು ಸ್ಥಳಾಂತರವಾದ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ, ಹಕ್ಕುಪತ್ರದ ಪ್ರತಿ ಲಗತ್ತಿಸಿ. ಗಡಿಯ ಆಚೆಯಿಂದ, ಸಾಂಗ್ಲಿ ಸೊಲ್ಲಾಪುರ ಕಡೆಯಿಂದ, ಲಗ್ನವಾಗಿ ಬಂದ ಸೊಸೆಯನ್ನು ಇಲ್ಲಿನ ರೇಷನ್ ಕಾರ್ಡಿಗೆ ಸೇರಿಸಲು ಬಂದರೆ ಮೊದಲು ತವರಿನ ಕಾರ್ಡಿನಲ್ಲಿ ಆಕೆಯ ಹೆಸರು ತೆಗೆಸಿದ್ದಾರೆಯೇ ಎಂದು ಕೇಳಿ. ಒಂದೇ ಆಧಾರ್ ಎರಡು ಕಾರ್ಡಿನಲ್ಲಿ ಇರಲು ಬರುವುದಿಲ್ಲ.

ಮಕ್ಕಳ ವಿದ್ಯಾರ್ಥಿವೇತನ ನಿಲ್ಲುವುದು ಬಹುಮಟ್ಟಿಗೆ ಮೂರು ಕಾರಣಕ್ಕೆ. ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ಕಂಪ್ಯೂಟರ್ ದಾಖಲೆ) ಪಟ್ಟಿಯ ಹೆಸರು ಆಧಾರ್‌ಗೆ ಹೊಂದದೇ ಇರುವುದು, ಜಾತಿ ಆದಾಯ ಪತ್ರದ (ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ) ಅವಧಿ ಮುಗಿದಿರುವುದು, ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಜೂನ್ ಜುಲೈಯಲ್ಲಿ ಒಂದು ಸಂಜೆಯನ್ನು ಇದಕ್ಕೇ ಮೀಸಲಿಟ್ಟು ಶಾಲೆಯವರನ್ನೂ ಕರೆಯಿರಿ. 5ನೇ ಮತ್ತು 15ನೇ ವಯಸ್ಸಿಗೆ ಮಕ್ಕಳ ಬೆರಳಚ್ಚು ನವೀಕರಿಸಬೇಕು ಎಂಬುದನ್ನೂ ಅಂದೇ ತಾಯಂದಿರಿಗೆ ಹೇಳಿ. ಕೂಸು ಹುಟ್ಟಿದ್ದರೆ 21 ದಿನದೊಳಗೆ ಜನನ ನೋಂದಣಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಮುಂದಿನ ಎಲ್ಲದಕ್ಕೂ ಜನ್ಮ ದಿನಾಂಕದ ಪುರಾವೆ ಆ ಪತ್ರವೇ.

"ಪಗಾರ ನಿಂತೈತ್ರಿ"

ವಯಸ್ಸಾದವರು ಮಾಸಾಶನವನ್ನು ಪಗಾರ ಎನ್ನುತ್ತಾರೆ. ಕಟ್ಟೆಗೆ ಬರುವ ದೂರುಗಳಲ್ಲಿ ಹೆಚ್ಚಿನದು ಇದೇ, ಹಾಗಾಗಿ ಇದರ ಒಳಗುಟ್ಟು ಸರಿಯಾಗಿ ತಿಳಿದಿರಬೇಕು.

ಪಗಾರ ನಿಂತಿದೆ ಎಂದು ಬಂದವರಲ್ಲಿ ಹಲವರ ಹಣ ನಿಂತಿರುವುದೇ ಇಲ್ಲ, ಬೇರೆ ಖಾತೆಗೆ ಹೋಗುತ್ತಿರುತ್ತದೆ. ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ಕಿನ ನಂಬರು ನೋಡಿ ಬರುವುದಿಲ್ಲ. ಆ ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿ ತೆರೆದ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ, ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ತೆರೆದ ಖಾತೆ, ಮಗ ಕೆಲಸ ಮಾಡುವ ಊರಲ್ಲಿ ತೆರೆಸಿದ ಖಾತೆ, ಇವುಗಳಲ್ಲಿ ತಿಂಗಳುಗಟ್ಟಲೆ ಹಣ ಕೂಡಿ ಬಿದ್ದಿರುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿಗೂ ಇದೇ ಗತಿ ಆಗುವುದುಂಟು.

ಆದ್ದರಿಂದ ಮೊದಲು ಕೇಳಬೇಕಾದ್ದು: "ಈ ವರ್ಷ ಹೊಸ ಸಿಮ್ ತಗೊಂಡೀರೇನ್ರಿ? ಎಲ್ಯಾರ ಹೆಬ್ಬೆಟ್ಟ ಒತ್ತೀರೇನು?" ನಂತರ ಅವರ ಆಧಾರ್‌ಗೆ ಜೋಡಿಸಿದ ಮೊಬೈಲ್ ಅವರ ಕೈಯಲ್ಲೇ ಇದ್ದರೆ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿ, ಬ್ಯಾಂಕಿನ ಹೆಸರು ಕಾಣಿಸುತ್ತದೆ. ಮೊಬೈಲ್ ಇಲ್ಲದಿದ್ದರೆ ಬ್ಯಾಂಕಿಗೆ ಕಳಿಸಿ. ಹಳೆಯ ಖಾತೆಗೇ ಹಣ ಬರಬೇಕಾದರೆ ಆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಫಾರ್ಮು ಕೊಡಬೇಕು. "ಕೆವೈಸಿ ಆಗೇತಿ" ಎಂದು ಬ್ಯಾಂಕಿನವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಕೆವೈಸಿ ಅಂದರೆ ಗುರುತಿನ ಪರಿಶೀಲನೆ, ಅದು ಬೇರೆ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಗೊತ್ತುಮಾಡುವ ಎನ್‌ಪಿಸಿಐ ಜೋಡಣೆ ಬೇರೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಮುದುಕರು ಬ್ಯಾಂಕು, ತಾಲೂಕು ಕಚೇರಿ, ಬ್ಯಾಂಕು ಎಂದು ವರ್ಷಗಟ್ಟಲೆ ತಿರುಗುತ್ತಾರೆ. ಚೀಟಿಯಲ್ಲಿ "ಎನ್‌ಪಿಸಿಐ ಜೋಡಣೆ ಮಾಡಿಕೊಡಿ" ಎಂದೇ ಬರೆದು ಕೊಡಿ.

ಜೋಡಣೆ ಸರಿ ಇದ್ದೂ ಹಣ ಬಾರದಿದ್ದರೆ ಆಗ ನಾಡಕಚೇರಿಯ ಕೆಲಸ. ಕೆಲವೊಮ್ಮೆ ಪರಿಶೀಲನೆಗೆಂದು ತಲಾಠಿ (ಗ್ರಾಮ ಆಡಳಿತಾಧಿಕಾರಿ) ಬಂದಾಗ ಮನೆಗೆ ಬೀಗ ಇತ್ತು ಎಂಬ ಕಾರಣಕ್ಕೆ ರದ್ದಾಗಿರುತ್ತದೆ, ಕಬ್ಬಿಗೋ ಗೋವಾಕ್ಕೋ ಗುಳೆ ಹೋದ ಮನೆಗಳಲ್ಲಿ ಇದು ಸಾಮಾನ್ಯ. ಕೂಲಿ ಮಾಡಿ ಗೆರೆ ಸವೆದ ಬೆರಳುಗಳಿಂದ ಯಂತ್ರ ಗುರುತು ಹಿಡಿಯದಿರುವುದು ಮತ್ತೊಂದು. ಕೈಯನ್ನು ಸಾಬೂನಿನಿಂದ ತೊಳೆದು, ಒರೆಸಿ, ಹತ್ತೂ ಬೆರಳು ಒಂದೊಂದಾಗಿ ಇಟ್ಟು ನೋಡಿಸಿ. ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಮಾಡಿಸಬೇಕು.

ಅರ್ಜಿ ಬರೆಯುವುದು

ಒಂದು ಅರ್ಜಿ, ಒಂದು ವಿಷಯ, ಒಂದು ಪುಟ. ನಿಂತ ಪಗಾರ, ಮನೆ ಬಿದ್ದದ್ದು, ರಸ್ತೆಯ ಚರಂಡಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೂರು ವಿಭಾಗದವರೂ ಅದು ತಮ್ಮದಲ್ಲ ಎಂದು ಪಕ್ಕಕ್ಕೆ ಸರಿಸುತ್ತಾರೆ. ಗೋಳಿನ ಮಾತು ಬೇಡ, "ತಮ್ಮ ಪಾದಕ್ಕೆ ಬಿದ್ದು" ಬೇಡ. ಕೇಳುತ್ತಿರುವುದು ಹಕ್ಕು. ಹೀಗೆ ಸಾಕು:

"ಗೆ, ಮಾನ್ಯ ತಹಶೀಲ್ದಾರರು, ______ ತಾಲೂಕು.
ವಿಷಯ: ಸಂಧ್ಯಾ ಸುರಕ್ಷಾ ಮಾಸಾಶನ ______ ತಿಂಗಳಿನಿಂದ ಜಮೆಯಾಗದಿರುವ ಕುರಿತು.
ನಾನು ______ ಗ್ರಾಮದ ನಿವಾಸಿ, ವಯಸ್ಸು ___. ಆದೇಶ ಸಂಖ್ಯೆ ______ ರಂತೆ ನನಗೆ ಮಾಸಾಶನ ಮಂಜೂರಾಗಿದ್ದು, ______ ತಿಂಗಳವರೆಗೆ ಜಮೆಯಾಗಿದೆ. ನಂತರ ಬಂದಿಲ್ಲ. ನನ್ನ ಖಾತೆಗೆ ಆಧಾರ್ ಮತ್ತು ಎನ್‌ಪಿಸಿಐ ಜೋಡಣೆ ಆಗಿರುವುದನ್ನು ಬ್ಯಾಂಕ್ ದೃಢಪಡಿಸಿದೆ, ಪ್ರತಿ ಲಗತ್ತಿಸಿದೆ. ನಿಂತ ಕಾರಣವನ್ನು ಲಿಖಿತವಾಗಿ ತಿಳಿಸಿ, ಮಾಸಾಶನ ಮುಂದುವರಿಸಲು ಕೋರುತ್ತೇನೆ."

"ಕಾರಣವನ್ನು ಲಿಖಿತವಾಗಿ ತಿಳಿಸಿ" ಎಂಬ ಮಾತು ಬಿಡಬೇಡಿ. ಅರ್ಜಿಯ ಬಲ ಇರುವುದು ಅದರಲ್ಲಿ.

ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ನಮ್ಮ ಮಾತಿನಲ್ಲಿ ಅರ್ಥ ಬಿಡಿಸಿ, ಹೂಂ ಅಂದ ಮೇಲೆಯೇ ಸಹಿ. ಸಹಿ ಬಾರದಿದ್ದರೆ ಎಡಗೈ ಹೆಬ್ಬೆಟ್ಟು. ಇಂಕು ತುಸುವೇ ಇರಲಿ, ಉಗುರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಉರುಳಿಸಿ. ಒತ್ತಿ ಹಿಡಿದರೆ ಗೆರೆ ಮುಚ್ಚಿ ಕಪ್ಪು ಮಚ್ಚೆಯಾಗುತ್ತದೆ. ಕೆಳಗೆ "ಇದು ಇಂಥವರ ಹೆಬ್ಬೆಟ್ಟಿನ ಗುರುತು" ಎಂದು ಬರೆದು ಒಬ್ಬರು ಸಾಕ್ಷಿ ಸಹಿ ಮಾಡಲಿ. ಸಹಿ ಕಲಿಯುವ ಆಸೆ ಇದ್ದವರಿಗೆ ಅವರ ಹೆಸರನ್ನು ದೊಡ್ಡದಾಗಿ ಚುಕ್ಕಿಯಲ್ಲಿ ಬರೆದ ಒಂದು ಹಾಳೆ ಮನೆಗೆ ಕೊಟ್ಟು ಕಳಿಸಿ. ಮೂರ್ನಾಲ್ಕು ಅಕ್ಷರದ ಹೆಸರು, ಮೊಮ್ಮಕ್ಕಳು ಕೈಹಿಡಿದು ತಿದ್ದಿಸುತ್ತಾರೆ.

ಪ್ರತಿ ಅರ್ಜಿಗೂ ಎರಡು ಪ್ರತಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಟಪಾಲು ವಿಭಾಗದ ಮೊಹರು, ತಾರೀಖು, ನಂಬರು ಹಾಕಿಸಿಕೊಂಡು ಬರಲು ಹೇಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಸ್ಟೇಪಲ್ ಹೊಡೆಯಿರಿ. ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಯ ಸಂಖ್ಯೆ ಬರುತ್ತದೆ, ಅದಿಲ್ಲದೆ ಕಿಟಕಿ ಬಿಟ್ಟು ಬರಬಾರದು. ಸಕಾಲ ಕಾಯ್ದೆ 2011ರದು. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣಕ್ಕಿಂತ, ಕೇಳುವವರಿದ್ದಾರೆ ಎಂದು ಗೊತ್ತಾಗುವುದು ಮುಖ್ಯ. ಎರಡು ಅರ್ಜಿಗೂ ಉತ್ತರವಿಲ್ಲದಿದ್ದರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ದೂರು, ಇಲ್ಲವೇ ಮಾಹಿತಿ ಹಕ್ಕಿನ ಅರ್ಜಿ. ಅದಕ್ಕೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. "ನನ್ನ ಇಂಥ ತಾರೀಖಿನ ಅರ್ಜಿಯ ಮೇಲೆ ದಿನವಾರು ಕೈಗೊಂಡ ಕ್ರಮದ ಪ್ರತಿ ಕೊಡಿ" ಎಂಬ ಒಂದೇ ಪ್ರಶ್ನೆ ಸಾಕು. ಯಾಕೆ, ಏನು ಎಂದು ವಾದಕ್ಕೆ ಹೋದರೆ ಮಾಹಿತಿ ಅಲ್ಲ ಎಂದು ತಿರಸ್ಕರಿಸುತ್ತಾರೆ.

ಎಂದೂ ಮಾಡಬಾರದ್ದು

ಹಣ ಮುಟ್ಟಬೇಡಿ. "ಪೆನ್ನಿನ ಖರ್ಚಿಗೆ ಹತ್ತು ರೂಪಾಯಿ ಇಟ್ಕೋರಿ" ಎಂದು ಪ್ರೀತಿಯಿಂದಲೇ ಕೊಡುತ್ತಾರೆ. ಇಂದು ತೆಗೆದುಕೊಂಡ ಹತ್ತು ನಾಲ್ಕನೇ ವಾರಕ್ಕೆ ದರವಾಗುತ್ತದೆ, ಕೊಡಲಾಗದವರು ಬರುವುದನ್ನೇ ನಿಲ್ಲಿಸುತ್ತಾರೆ. ಕೊಡಲೇಬೇಕೆಂದವರಿಗೆ ಗ್ರಂಥಾಲಯಕ್ಕೆ ಒಂದು ಕಟ್ಟು ಹಾಳೆ ತಂದುಕೊಡಿ ಎನ್ನಿ.

ಮೂಲ ಕಾಗದಗಳನ್ನು ಒಂದು ರಾತ್ರಿಗೂ ಇಟ್ಟುಕೊಳ್ಳಬೇಡಿ. ನೋಡಿದ ಮೇಲೆ ಎಣಿಸಿ ಅವರ ಕೈಗೇ ಕೊಟ್ಟು, ಎಷ್ಟು ಕಾಗದ ಎಂದು ಅವರಿಂದಲೂ ಹೇಳಿಸಿ. ನಿಮ್ಮ ಮೊಬೈಲಿನಲ್ಲಿ ಫೋಟೊ ತೆಗೆದರೆ ಕೆಲಸ ಮುಗಿದ ತಕ್ಷಣ ಅವರ ಎದುರೇ ಅಳಿಸಿ, ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ. ಒಟಿಪಿ ಬಂದರೆ ಅದನ್ನು ಒತ್ತುವ ಕೈ ಅವರದಾಗಿರಲಿ, ಅಂಕಿ ಓದಲು ಬಾರದಿದ್ದರೆ ಅವರು ಕರೆತಂದ ಮನೆಯವರದಾಗಿರಲಿ. ಯಾರ ಖಾತೆಯಿಂದಲಾದರೂ ಹಣ ಹೋಗಿದೆ ಎಂದು ಗೊತ್ತಾದರೆ ಮರುದಿನಕ್ಕೆ ಕಾಯದೆ ಅಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

"ಆಗೇ ಆಗತೈತಿ" ಎಂದು ಮಾತು ಕೊಡಬೇಡಿ. ನಾವು ಬರೆದುಕೊಡುವವರು, ಮಂಜೂರು ಮಾಡುವವರಲ್ಲ. ಆಗದಿದ್ದ ದಿನ ಸರ್ಕಾರದ ಮೇಲಿನ ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಸುಳ್ಳು ಆದಾಯ, ಸುಳ್ಳು ವಯಸ್ಸು ಬರೆಯಲು ಒತ್ತಾಯಿಸುವವರು ಬಂಧುಗಳೇ ಆಗಿರುತ್ತಾರೆ. ಇಲ್ಲ ಎನ್ನುವುದು ಕಷ್ಟ, ಆದರೆ ಒಮ್ಮೆ ಬರೆದರೆ ಕಟ್ಟೆಯ ಮೇಲಿನ ನಂಬಿಕೆ ಮುಗಿಯಿತು.

ನಮ್ಮ ಕೈ ಮೀರಿದ್ದು

ಹೊಲದ ಪಾಲು, ವಾರಸಾದಲ್ಲಿ (ವಾರಸುದಾರರ ಹೆಸರು ಏರಿಸುವಾಗ) ಹೆಣ್ಣುಮಕ್ಕಳ ಹೆಸರು ಬಿಟ್ಟ ತಕರಾರು, ಗಂಡನ ಮನೆಯ ಹಿಂಸೆ, ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಬಂದರೆ ಕಟ್ಟೆಯಲ್ಲಿ ಪಂಚಾಯ್ತಿ ಮಾಡಲು ಕೂರಬೇಡಿ. ತಾಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಪ್ರವಾಹದಂಥ ವಿಪತ್ತಿಗೆ ಸಿಕ್ಕವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567. ಈ ನಾಲ್ಕನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ.

ನದಿ ದಂಡೆಯ ಊರುಗಳವರಿಗೆ ಒಂದು ಮಾತು ಹೆಚ್ಚಿಗೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ಗೋಕಾಕ, ರಾಮದುರ್ಗ, ಮುಧೋಳ, ಚಿಕ್ಕೋಡಿ ಭಾಗದಲ್ಲಿ ಮನೆಯ ಜೊತೆ ಕಾಗದಗಳೂ ಹೋದವು. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಒಂದು ವಾರ ಬೇರೆ ಎಲ್ಲ ಕೆಲಸ ನಿಲ್ಲಿಸಿ, ದಂಡೆಯ ಓಣಿಗಳವರ ಮುಖ್ಯ ಕಾಗದಗಳ ಎರಡೆರಡು ಜೆರಾಕ್ಸ್ ಮಾಡಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಡಿ. ಒಂದು ಪ್ರತಿ ಎತ್ತರದ ಊರಿನ ಬೀಗರ ಮನೆಯಲ್ಲಿರಲಿ. ಮನೆಯ ನಾಲ್ಕೂ ಬದಿಯ ಫೋಟೊ ತಾರೀಖಿನ ಸಮೇತ ಅವರ ಮೊಬೈಲಿನಲ್ಲೇ ತೆಗೆದಿಡಲಿ, ಗೋಡೆ ಬಿದ್ದ ಮೇಲೆ ಮೊದಲು ಹೇಗಿತ್ತೆಂದು ತೋರಿಸಲು ಬೇರೆ ದಾರಿಯಿಲ್ಲ. ರೈತರಾದರೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಆಗಿದೆಯೇ, ಅದರಲ್ಲಿ ಎಲ್ಲ ಸರ್ವೆ ನಂಬರೂ ಸೇರಿವೆಯೇ ನೋಡಿ. ಬೆಳೆ ಪರಿಹಾರ ಅದರ ಮೇಲೆಯೇ ಬರುತ್ತದೆ, ಒಂದು ಸರ್ವೆ ನಂಬರು ಬಿಟ್ಟಿದ್ದರೆ ಅಷ್ಟು ಎಕರೆಯ ಹಣ ಹೋಯಿತು.

ಬೇರೆ ಕೈಗುಣ ಉಳ್ಳವರು

ಬರೆಯಲು ಬಾರದವರೂ ಈ ಕಟ್ಟೆಗೆ ಬೇಕು. ಬೈಕ್ ಇರುವ ಹುಡುಗ ತಿಂಗಳಿಗೊಮ್ಮೆ ಇಬ್ಬರು ಮುದುಕರನ್ನು ನಾಡಕಚೇರಿಗೆ ಕರೆದೊಯ್ದರೆ ಅದು ಹತ್ತು ಅರ್ಜಿಗೆ ಸಮ. ಗೌಂಡಿಗಳು ತಮ್ಮ ಜೊತೆಯವರನ್ನು ಕರೆತರಲಿ: ಕಟ್ಟಡ ಕಾರ್ಮಿಕರ ಕಾರ್ಡಿಗೆ 18ರಿಂದ 60ರ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪುರಾವೆ ಬೇಕು, ಯಾರು ನಿಜವಾಗಿ ಕಟ್ಟಡದ ಮೇಲೆ ದುಡಿದವರು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ರಬಕವಿ ಬನಹಟ್ಟಿ, ಗುಳೇದಗುಡ್ಡದಲ್ಲಿ ನೇಕಾರರ ಯೋಜನೆಗಳನ್ನು ಒಬ್ಬ ನೇಕಾರರೇ ಕುಳಿತು ಹೇಳಿದರೆ ಕೇಳುವ ಬಗೆಯೇ ಬೇರೆ. ತಾಂಡಾಗಳ ಹತ್ತಿರ ಲಂಬಾಣಿ ಮಾತಾಡಬಲ್ಲ ಕಾಲೇಜು ಹುಡುಗಿ ಒಬ್ಬಳು ಪಕ್ಕದಲ್ಲಿದ್ದರೆ ಅಜ್ಜಿಯರು ಮೊದಲ ಸಲಕ್ಕೇ ಮನಸ್ಸು ಬಿಚ್ಚುತ್ತಾರೆ.

ಆರನೇ ತಿಂಗಳಿನಿಂದ ಕುರ್ಚಿ ಬದಲಿಸಲು ತೊಡಗಿ. ಪಿಯುಸಿ ಮುಗಿಸಿದ ಇಬ್ಬರನ್ನು ಮೊದಲ ತಿಂಗಳು ಪಕ್ಕದಲ್ಲಿ ಕೂರಿಸಿ ಚೀಟಿ ಮತ್ತು ನೋಟ್‌ಬುಕ್ಕು ಒಪ್ಪಿಸಿ, ಎರಡನೇ ತಿಂಗಳು ಕಾಗದ ಹೊಂದಿಸುವುದು ಅವರಿಗೆ, ಮೂರನೆಯದರಲ್ಲಿ ಅರ್ಜಿ ಅವರೇ ಬರೆಯಲಿ, ನೀವು ತಿದ್ದಿ. ಅವರ ಅಕ್ಷರ ನಿಮ್ಮಷ್ಟು ದುಂಡಗಿರುವುದಿಲ್ಲ, ಅದಕ್ಕೆ ಪೆನ್ನು ಕಸಿದುಕೊಳ್ಳಬೇಡಿ. ಹೆಸರಿನ ಕಾಗುಣಿತ, ಆದೇಶ ಸಂಖ್ಯೆ, ತಾರೀಖು ಈ ಮೂರನ್ನು ಮಾತ್ರ ಎರಡೆರಡು ಸಲ ನೋಡಿಸಿ. ನಂತರ ಒಂದು ವಾರ ಬೇಕೆಂದೇ ಬೇರೆ ಊರಿಗೆ ಹೋಗಿ ಬನ್ನಿ. ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಆ ವಾರದ ಪುಟ ತೆರೆದು, ಕೊನೆಯ ಅಂಕಣ ತುಂಬಿರುವ ಹಳೆಯ ಸಾಲುಗಳೆಷ್ಟು ಎಂದು ಎಣಿಸಿ. ಬಾಗಿಲಿನ ಕೀಲಿಯನ್ನು ಗ್ರಂಥಾಲಯದ ಮೇಲ್ವಿಚಾರಕರ ಬಳಿಯೇ ಬಿಡಿ.